ಹಾಳೆಯ ಮೇಲೆ ಮೂರು ಚಕ್ರ

ಆಗುವುದಿಲ್ಲ ಎಂದವರು ನನ್ನ ಮಾಮ, ಉಮ್ಮನ ಅಣ್ಣ. ನಾನು ಏಳನೇ ತರಗತಿ ಪಾಸಾದ ದಿನ ನಮ್ಮ ಜಗಲಿಯಲ್ಲಿ ಕುಳಿತು, ಚಾ ಗ್ಲಾಸು ಕೆಳಗಿಟ್ಟು ಹೇಳಿದ್ದರು: "ಇನ್ನು ಸಾಕು. ಹೈಸ್ಕೂಲು, ಕಾಲೇಜು, ಡಿಗ್ರಿ ಎಲ್ಲ ಇವಳಿಂದ ಆಗುದಲ್ಲ. ಹೊರುದು ಯಾರು?"

ಈ ಮಾತನ್ನು ಬಹಳ ವರ್ಷ ಸಿಟ್ಟಿನಿಂದಲೇ ನೆನಪಿಟ್ಟುಕೊಂಡಿದ್ದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿಯವರೆಗೆ ನನ್ನನ್ನು ಹೊತ್ತವರು ಅವರೇ. ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ನನ್ನ ಬಲಗಾಲಿನ ಶಕ್ತಿ ಪೂರ್ತಿ ಹೋಯಿತು, ಎಡಗಾಲಿನದು ಅರ್ಧ ಉಳಿಯಿತು. ನನ್ನ ತಂದೆ, ಉಪ್ಪ, ಅದಕ್ಕೆ ಮೊದಲೇ ತೀರಿಹೋಗಿದ್ದರು. ಸಂಪಾಜೆಯ ನಮ್ಮ ಮನೆಯಿಂದ ಇಳಿಜಾರು ಇಳಿದು, ಹೊಳೆಯ ಕಾಲುಸಂಕ ದಾಟಿ, ಮಾಮ ದಿನಾ ನನ್ನನ್ನು ಬೆನ್ನಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಏಳನೇ ತರಗತಿಗೆ ಬರುವಾಗ ನಾನು ಭಾರವಾಗಿದ್ದೆ. ಅವರಿಗೆ ಸೊಂಟನೋವು ಶುರುವಾಗಿತ್ತು. ಹೊರುವುದು ಯಾರು ಎಂದು ಕೇಳಿದ್ದು ಕುಹಕಕ್ಕಲ್ಲ, ನಿಜವಾಗಿಯೂ ಅವರಿಗೆ ಉತ್ತರ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ನಮ್ಮ ಮನೆಯಲ್ಲಿ ಏಳರಿಂದ ಮುಂದೆ ಓದಿದವರು ಯಾರೂ ಇರಲಿಲ್ಲ. ನಾನು ಹತ್ತು ವರ್ಷ ಉಮ್ಮನ ಪಕ್ಕದಲ್ಲಿ ಕುಳಿತು ಬೀಡಿ ಕಟ್ಟಿದೆ. ತೊಡೆಯ ಮೇಲೆ ಬೀಡಿಯ ಮೊರ, ಮೊರದ ಅಂಚಿಗೆ ಒರಗಿಸಿಟ್ಟ ಪುಸ್ತಕ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿದೆ, ಗಣಿತದಲ್ಲಿ ಎರಡು ಸಲ ಬಿದ್ದೆ, ಮೂರನೇ ಸಲ ಎದ್ದೆ. ಪಿಯುಸಿಯೂ ಹಾಗೆಯೇ. ಆಮೇಲೆ ಸರ್ಕಾರದ ಸ್ಕೂಟರ್ ಬಂತು. ಹಿಂದಿನ ಒಂದು ಚಕ್ರದ ಜಾಗದಲ್ಲಿ ಎರಡು ಚಕ್ರ ಇದ್ದ ಮೂರು ಚಕ್ರದ ಸ್ಕೂಟರ್. ಅದರ ಕೈಬ್ರೇಕನ್ನು ನನ್ನ ಅಳತೆಗೆ ಸರಿಮಾಡಿಕೊಟ್ಟದ್ದು ಕಡಬದ ಒಬ್ಬ ಮೆಕ್ಯಾನಿಕ್. ಅದರಲ್ಲಿ ಮೂರು ವರ್ಷ ಸುಳ್ಯದ ಕಾಲೇಜಿಗೆ ಹೋಗಿಬಂದೆ. ಆ ಮೂರು ವರ್ಷದಲ್ಲಿ ಯಾರೂ ನನ್ನನ್ನು ಒಂದು ಮೆಟ್ಟಿಲೂ ಎತ್ತಲಿಲ್ಲ. ನನ್ನ ಡಿಗ್ರಿಯ ಬಗ್ಗೆ ನನಗೆ ಎಷ್ಟು ಹೆಮ್ಮೆಯೋ, ಈ ಲೆಕ್ಕದ ಬಗ್ಗೆಯೂ ಅಷ್ಟೇ.

ಪದವಿ ಪ್ರದಾನ ಪುತ್ತೂರಿನಲ್ಲಿ ಎಂದು ಪತ್ರ ಬಂತು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ, ನನ್ನ ಕಾಲಿನ ವಿಷಯ ಹೇಳಿ, ಜಾಗ ಹೇಗೆ ಎಂದು ಕೇಳಿದೆ. ಆಚೆಯವರು ಒಳ್ಳೆಯ ಮನುಷ್ಯರು.

"ಸಭಾಂಗಣ ಗುಡ್ಡೆಯ ಮೇಲೆ ಉಂಟು. ವಾಹನ ಎಲ್ಲ ಕೆಳಗಿನ ಮೈದಾನದಲ್ಲೇ ನಿಲ್ಲಿಸುದು. ನೀವು ಹೆದರ್ಬೇಡಿ, ನಾಲ್ಕು ಜನ ವಾಲಂಟಿಯರ್‌ಗಳು ಕುರ್ಚಿಯಲ್ಲಿ ಎತ್ತಿಕೊಂಡು ಬರ್ತಾರೆ."

"ಎತ್ತುದು ಬೇಡ," ಎಂದೆ. "ನನ್ನ ಸ್ಕೂಟರನ್ನು ಮೇಲಿನವರೆಗೆ ಬಿಡ್ತೀರಾ?"

ಯಾರನ್ನೋ ಕೇಳಿ ಬಂದರು. "ನಿಮ್ಮದು ಒಂದು ಬಿಡುವ. ಬಾಗಿಲಿನವರೆಗೆ ಬನ್ನಿ."

ನನಗೆ ಅಷ್ಟೇ ಬೇಕಿತ್ತು. ಆದರೆ ನಾನು ಸುಳ್ಯದಿಂದಾಚೆ ಸ್ಕೂಟರ್ ಓಡಿಸಿದವಳಲ್ಲ. ಒಂದು ಗಂಟೆ ಕೂತರೆ ಬೆನ್ನು ಮರಗಟ್ಟುತ್ತದೆ, ಹೆದ್ದಾರಿಯಲ್ಲಿ ಘಾಟಿ ಇಳಿದು ಬರುವ ಲಾರಿಗಳ ಸಾಲು ಬೇರೆ. ಉಮ್ಮ ಹೋಗಿ ಮಾಮನಿಗೆ ಹೇಳಿದರು. ಮಾಮನ ಹಳೇ ಜೀಪಿನ ಹಿಂದೆ ಒಂದು ಕಬ್ಬಿಣದ ಟ್ರೈಲರ್ ಉಂಟು. ರಬ್ಬರ್ ಶೀಟು, ಸಿಮೆಂಟು, ನೀರಿನ ಟಾಂಕಿ ಎಲ್ಲ ಹೇರುವುದು ಅದರಲ್ಲೇ.

"ಒಂದು ಸ್ಕೂಟರ್ ತಾನೆ," ಎಂದರು ಮಾಮ.

ಆ ದಿನ ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಟ್ರೈಲರಿನ ಹಿಂಬಾಗಿಲು ಇಳಿಸಿ ಎರಡು ಹಲಗೆ ಚಾಚಿದರು. ನಾನು ಸ್ಕೂಟರಿನ ಮೇಲೆ ಕೂತು ನೋಡುತ್ತಿದ್ದೆ.

"ಮಾಮ, ಚಕ್ರ ಎಷ್ಟು?"

ಅವರು ಸ್ಕೂಟರ್ ನೋಡಿದರು, ಹಲಗೆ ನೋಡಿದರು. "ನಿನ್ನ ಗಾಡಿಗೂ ನಿನ್ನ ಹಾಗೆಯೇ ಒಂದು ಹಟ ಹೆಚ್ಚು," ಎನ್ನುತ್ತ ಕೊಟ್ಟಿಗೆಯಿಂದ ಮೂರನೆಯದನ್ನು ತಂದು ನಡುವೆ ಇಟ್ಟರು. ನಿಧಾನಕ್ಕೆ ನಾನೇ ಮೇಲೆ ಹತ್ತಿಸಿದೆ. ಅಲ್ಲಿ ನೋಡಿದರೆ ಟ್ರೈಲರಿನ ನೆಲಕ್ಕೆ ಅಡಿಕೆ ಹಾಳೆ ಹಾಸಿತ್ತು. ತೊಳೆದು ಒಣಗಿಸಿದ, ಹೊಳೆಯುವ ಅಗಲ ಹಾಳೆಗಳು. ತುಕ್ಕು ಹತ್ತಬಾರದು, ಸಭೆಗೆ ಹೋಗುವ ಗಾಡಿ ಚೊಕ್ಕ ಇರಬೇಕು ಎಂದು ಮಾಮನೇ ಹಾಸಿದ್ದರು. ನೋಡಿ ನನಗೂ ಖುಷಿಯಾಯಿತು. ನಾನೂ ಏನೂ ಯೋಚಿಸಲಿಲ್ಲ.

ಕಟ್ಟುವಾಗ ಮಾತ್ರ ಹೇಳಿದೆ: "ಹ್ಯಾಂಡಲಿಗೆ ಕಟ್ಟುದು ಬೇಡ ಮಾಮ, ಅದು ತಿರುಗುತ್ತದೆ. ಅಡಿಯಲ್ಲಿ ಅಡ್ಡ ಕಂಬಿ ಉಂಟು, ಅದಕ್ಕೆ ಕಟ್ಟಿ."

"ಮೂವತ್ತು ವರ್ಷದಿಂದ ನಾನು ಕಟ್ಟುದು. ಒಂದು ಟಾಂಕಿ ಬಿದ್ದದ್ದು ಉಂಟಾ ಕೇಳು."

ಟಾಂಕಿಗೆ ಹೇಗೋ ಹಾಗೆ ಕಟ್ಟಿದರು. ಹಗ್ಗ ಸೀಟಿನ ಮೇಲಿಂದ, ಹ್ಯಾಂಡಲಿನ ಸುತ್ತ, ಮತ್ತೆ ಸೀಟಿನ ಮೇಲಿಂದ. ನೋಡಲು ಗಟ್ಟಿಯಾಗಿಯೇ ಇತ್ತು. ಉಮ್ಮನೂ ನಾನೂ ಜೀಪಿನಲ್ಲಿ ಕುಳಿತೆವು, ಹೊರಟೆವು.

ಅರಂತೋಡು ದಾಟಿದ ಮೇಲೆ ಒಂದು ತಿರುವಿನಲ್ಲಿ ಹಂಪ್ ಬಂತು. ಹಿಂದಿನಿಂದ 'ದಡ್' ಎಂದು ಶಬ್ದ. ಉಮ್ಮ "ಯಾ ಅಲ್ಲಾ" ಎಂದು ನನ್ನ ಕೈ ಹಿಡಿದರು. ಮಾಮ ಬದಿಗೆ ನಿಲ್ಲಿಸಿ ಇಳಿದುಹೋದರು. ನಾನು ಊರುಗೋಲು ಊರಿಕೊಂಡು ಹಿಂದೆ ಹೋದೆ. ಸ್ಕೂಟರ್ ಅಡ್ಡಡ್ಡ ಜಾರಿ ಟ್ರೈಲರಿನ ಬದಿಗೆ ಬಡಿದಿತ್ತು. ಒಂದು ಕನ್ನಡಿ ಒಡೆದಿತ್ತು. ಹ್ಯಾಂಡಲ್ ಪೂರ್ತಿ ತಿರುಗಿತ್ತು. ಹಗ್ಗ ಬಟ್ಟೆ ಒಣಹಾಕುವ ಹಗ್ಗದಷ್ಟು ಸಡಿಲವಾಗಿ ನೇತಾಡುತ್ತಿತ್ತು. ಇನ್ನೊಂದು ಹಂಪ್ ಬಂದಿದ್ದರೆ ರಸ್ತೆಗೇ ಬೀಳುತ್ತಿತ್ತು. ನಾಲ್ಕು ಜನರ ಕುರ್ಚಿ ನನ್ನ ಕಣ್ಣ ಮುಂದೆ ಬಂತು.

ಮಾಮ ಬಗ್ಗಿ ಚಕ್ರದ ಅಡಿಯಿಂದ ಒಂದು ಹಾಳೆ ಎಳೆದರು. ಅದು ಸಲೀಸಾಗಿ ಬಂತು. ಅದರ ನುಣುಪಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು.

"ಇದರಲ್ಲಿ ನಿನ್ನನ್ನು ಕೂರಿಸಿ ಅಂಗಳದಲ್ಲಿ ಎಳೀತಿದ್ದೆ," ಎಂದರು. "ಎಷ್ಟು ಜಾರ್ತದೆ ಅಂತ ನನಗೆ ಗೊತ್ತಿಲ್ವಾ? ಆದರೂ ಹಾಸಿದೆ ನೋಡು. ತಲೆಯಲ್ಲಿ ಎಂತ ಉಂಟು ನಂದು!"

ನಿಜ. ಇತರ ಮಕ್ಕಳು ಓಡುವಾಗ ನನ್ನನ್ನು ಓಡಿಸಿದ್ದು ಆ ಹಾಳೆಯೇ. ನಾನು ಕೂರುವುದು, ಮಾಮ ತುದಿ ಹಿಡಿದು ಎಳೆಯುವುದು, 'ಇನ್ನೂ ಜೋರು' ಎಂದು ನಾನು ಕಿರುಚುವುದು. ನಾವಿಬ್ಬರೂ ಅದನ್ನು ಮರೆತಿದ್ದೆವು.

"ನನಗೂ ಹೊಳೀಲಿಲ್ಲ ಮಾಮ. ಜೀಪಿನಲ್ಲಿ ರಬ್ಬರ್ ಶೀಟ್ ಉಂಟಲ್ಲ?"

ಸುಳ್ಯದ ಅಂಗಡಿಗೆ ಕೊಡಲೆಂದು ಹೊಗೆಯಲ್ಲಿ ಒಣಗಿಸಿದ ಒಂದು ಕಟ್ಟು ರಬ್ಬರ್ ಶೀಟು ಸೀಟಿನ ಹಿಂದಿತ್ತು. ಹಾಳೆಗಳನ್ನೆಲ್ಲ ತೆಗೆದು ಚಕ್ರಗಳ ಅಡಿಗೆ ಶೀಟು ಹಾಸಿದರು. ಚಕ್ರ ಅಂಟಿ ಕೂತಿತು. ಉಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಪದವಿ ತಗೊಳ್ಳಲಿಕ್ಕೆ ಹೋಗುವವಳು ಹೊಗೆಗೂಡಿನ ಹಾಗೆ ನಾರ್ತಾಳೆ ಇನ್ನು," ಎಂದರು.

ಮಾಮ ಹಗ್ಗ ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದರು. "ಎಲ್ಲಿಗೆ ಕಟ್ಟುದು? ಹೇಳು."

ಹಗ್ಗ ಹಿಡಿದುಕೊಂಡು ಅವರು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬ್ರೇಕ್ ಸರಿಮಾಡಿದ ದಿನ ಗಾಡಿಯನ್ನು ಪಿಕಪ್ಪಿಗೆ ಏರಿಸಿ ಕಟ್ಟುವಾಗ ಕಡಬದ ಮೆಕ್ಯಾನಿಕ್ ಹೇಳಿಕೊಟ್ಟದ್ದನ್ನು ನಾನು ಹಾಗೇ ಹೇಳಿದೆ. ಮುಂದಿನ ಚಕ್ರ ಟ್ರೈಲರಿನ ಎದುರಿನ ಗೋಡೆಗೆ ತಾಗಿ ನಿಲ್ಲಬೇಕು. ಪ್ರತಿ ಚಕ್ರಕ್ಕೂ ಅಡ್ಡ ಒಂದು ಮರದ ತುಂಡು. ಹಗ್ಗ ಅಡಿಯ ಕಂಬಿಯಿಂದ ನಾಲ್ಕು ಮೂಲೆಗೂ ಬೇರೆ ಬೇರೆ ಹೋಗಬೇಕು, ಹಿಂದಿನದು ಕತ್ತರಿಯ ಹಾಗೆ ಒಂದರ ಮೇಲೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟುವಾಗ ಗಾಡಿಯ ಮೇಲೆ ಭಾರ ಇರಬೇಕು. ಸ್ಪ್ರಿಂಗ್ ಕುಗ್ಗಿರುವಾಗಲೇ ಬಿಗಿದರೆ ಹಂಪಿನಲ್ಲಿ ಹಗ್ಗ ಸಡಿಲವಾಗುವುದಿಲ್ಲ.

"ಭಾರ ಎಂತ ಇಡುದು?"

"ನಾನಿದ್ದೇನಲ್ಲ."

ಹಾಳೆ ತೆಗೆಯಲು ಇಳಿಸಿದ ಹಿಂಬಾಗಿಲು ಹಾಗೇ ಇತ್ತು. ನಾನು ಅದರ ಅಂಚಿನಲ್ಲಿ ಕುಳಿತು, ಕೈಯೂರಿ ಹಿಂದೆ ಹಿಂದೆ ಸರಿದೆ. "ಎತ್ತಲಾ?" ಎಂದು ಮಾಮ ಎರಡು ಕೈ ಚಾಚಿದರು. "ಬೇಡ," ಎಂದೆ. ಸೀಟು ಹಿಡಿದು ಮೇಲೇರಿ ಕೂತೆ. ಅಷ್ಟರಲ್ಲಿ ಒಂದು ರಿಕ್ಷಾ ನಿಧಾನ ಮಾಡಿತು.

"ಎಂತ ಕಾಕ, ಗಾಡಿ ಮೇಲೆ ಗಾಡಿ, ಅದರ ಮೇಲೆ ಹೊಸ ಬಟ್ಟೆ! ಮದುವೆ ದಿಬ್ಬಣವಾ?"

"ಮದುವೆಗಿಂತ ದೊಡ್ಡದು. ನೀನು ಹೋಗು ಮಾರಾಯ, ಹಗ್ಗ ಬಿಗಿಲಿಕ್ಕುಂಟು," ಎಂದರು ಮಾಮ, ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿಕೊಂಡೇ.

ನಾನು ಇಡೀ ಭಾರ ಬಿಟ್ಟು ಕೂತೆ. ಅವರು ಟ್ರೈಲರಿನ ಅಂಚಿಗೆ ಕಾಲು ಕೊಟ್ಟು ಎಳೆದರು. ಮೂಲೆ ಮೂಲೆಗೆ ಹೋಗಿ ಗಂಟು ಹಾಕಿದರು. ನಾನು ಇಳಿದ ಮೇಲೂ ಸ್ಕೂಟರ್ ಅಷ್ಟೇ ತಗ್ಗಿ ಕೂತಿತ್ತು. ಮಾಮ ಅದನ್ನು ಎರಡು ಕೈಯಿಂದ ಅಲುಗಾಡಿಸಿದರು. ಟ್ರೈಲರೇ ಅಲುಗಿತು, ಸ್ಕೂಟರ್ ಅಲುಗಲಿಲ್ಲ.

"ಹ್ಞೂಂ," ಎಂದರು. ಅವರಿಂದ ನನಗೆ ಸಿಕ್ಕಿದ ಮೊದಲ ಅಂಕ ಅದು.

ಆಮೇಲೆ ಪುತ್ತೂರಿನವರೆಗೆ ಪ್ರತಿ ಹಂಪಿನಲ್ಲೂ ಮೂವರೂ ಉಸಿರು ಹಿಡಿದು ಹಿಂದೆ ತಿರುಗಿ ನೋಡುವುದೇ ಆಯಿತು. ಒಂದು ಗಂಟೂ ಬಿಚ್ಚಲಿಲ್ಲ. ಸುಳ್ಯದಲ್ಲಿ ರಬ್ಬರ್ ಅಂಗಡಿಯ ಎದುರು ಮಾಮ ಜೀಪು ನಿಲ್ಲಿಸಲೂ ಇಲ್ಲ.

ಕೆಳಗಿನ ಮೈದಾನದಲ್ಲಿ ಇಳಿಸುವಾಗ ಮಾಮ ಕೇಳದೆಯೇ ಮೂರು ಹಲಗೆ ಚಾಚಿದರು. ಕಪ್ಪು ನಿಲುವಂಗಿ ಹಾಕಿಕೊಂಡು ನಾನು ಆ ಏರು ಹತ್ತಿದೆ. ಒಂದೇ ಕನ್ನಡಿ, ಅದರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತ ಬರುವ ಮಾಮ ಮತ್ತು ಉಮ್ಮ. ಬಾಗಿಲಿನಲ್ಲಿ ನಾಲ್ಕು ಜನ ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದರು. ಅದರಲ್ಲಿ ಮಾಮನನ್ನು ಕೂರಿಸಲು ಹೇಳಿದೆ.

ವೇದಿಕೆಗೆ ನಾಲ್ಕು ಮೆಟ್ಟಿಲು. ಊರುಗೋಲು ಒಂದು ಕೈಯಲ್ಲಿ, ಗೋಡೆ ಒಂದು ಕೈಯಲ್ಲಿ. ತಡವಾಯಿತು, ಆಗಲಿ ಎಂದು ನಿಧಾನವಾಗಿಯೇ ಹತ್ತಿದೆ. ಹೆಸರು ಕರೆದರು. ಮುಖ್ಯ ಅತಿಥಿ ಪ್ರಮಾಣಪತ್ರ ಕೊಟ್ಟರು, ನಾನು ತೆಗೆದುಕೊಂಡೆ. ನನ್ನಿಂದ ರಬ್ಬರ್ ಹೊಗೆಯ ವಾಸನೆ ಬರುತ್ತಿತ್ತು, ಅವರು ಮೂಗು ಉಜ್ಜಿಕೊಂಡು ಶುಭಾಶಯ ಹೇಳಿದರು.

ಹೊರಗೆ ಬಂದು ಸ್ಕೂಟರಿನ ಮೇಲೆ ಕೂತೆ. ಇಳಿಜಾರಿನಲ್ಲಿ ನನಗೆ ಎರಡೂ ಕೈ ಬೇಕು. ಪ್ರಮಾಣಪತ್ರವನ್ನು ಮಾಮನ ಕೈಗೆ ಕೊಟ್ಟೆ. ಅವರು ಅಂಗೈ ಅಂಗಿಗೆ ಒರೆಸಿಕೊಂಡು ತೆಗೆದುಕೊಂಡರು, ತೂಕ ನೋಡುವವರ ಹಾಗೆ ಸ್ವಲ್ಪ ಮೇಲೆ ಕೆಳಗೆ ಮಾಡಿದರು.

"ಇಷ್ಟೇ ಭಾರವಾ ಇದು?" ಎಂದರು. "ಇದನ್ನು ನಾನು ಹೊರ್ತೇನೆ. ನೀನು ಮುಂದೆ ಹೋಗು, ಬ್ರೇಕ್ ಹಿಡಿದುಕೊಂಡು."