ಎದುರು ಸೈಟಿನ ಎಕ್ಕ

ಎಂಬತ್ತರ ದಶಕದಲ್ಲಿ, ನಾನು ಪಿಯುಸಿ ಓದುತ್ತಿದ್ದಾಗ, ಬಸವೇಶ್ವರನಗರದ ನಮ್ಮ ಮನೆಯೆದುರು ಎರಡು ಸೈಟು ಖಾಲಿ ಬಿದ್ದಿದ್ದವು. ಜಲ್ಲಿಕಲ್ಲು, ಮುರಿದ ಹೆಂಚು, ಅವುಗಳ ನಡುವೆ ಎದೆಯೆತ್ತರದ ಎಕ್ಕದ ಗಿಡಗಳು. ಯಾರೂ ನೀರು ಹಾಕದಿದ್ದರೂ ಸದಾ ನಸುನೇರಳೆ ಹೂ. ನಮಗೆ ಅವುಗಳ ನೆನಪಾಗುತ್ತಿದ್ದುದು ರಥಸಪ್ತಮಿಯ ಹಿಂದಿನ ದಿನ ಮಾತ್ರ. ಮರುದಿನ ತಲೆ, ಭುಜಗಳ ಮೇಲೆ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡಬೇಕಲ್ಲ.

ಆ ವರ್ಷ ಎಲೆ, ಹೂ ಕಿತ್ತು ತರುತ್ತಿದ್ದಾಗ ನಮ್ಮ ಮಹಡಿಯ ಬಾಡಿಗೆಮನೆಯವಳು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿ ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳು. ರಾಜಸ್ಥಾನದ ಮರಳುಗಾಡಿನ ಹಳ್ಳಿಯಿಂದ ಮದುವೆಯಾಗಿ ಬಂದು ಎರಡು ತಿಂಗಳಾಗಿದ್ದರೂ ಭಾಷೆ ಬಾರದೆ ಯಾರೊಂದಿಗೂ ಮಾತಾಡಿರಲಿಲ್ಲ. "ಆಕ್! ಆಕ್!" ಎನ್ನುತ್ತ ನನ್ನ ಕೈಯಿಂದ ಒಂದು ಗೊಂಚಲು ಕಸಿದು ಕೆನ್ನೆಗೆ ಒತ್ತಿಕೊಂಡಳು.

"ಅಯ್ಯೋ, ಹಾಲು ಕಣ್ಣಿಗೆ ಬಿದ್ರೆ ಕಷ್ಟ ಕಣಮ್ಮ!" ಅಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿದರು.

ಅವಳು ನಗುತ್ತಲೇ ಇದ್ದಳು. ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಕೇಳಿದೆ. ಆಕ್ ಎಂದರೆ ಎಕ್ಕವೇ ಅಂತೆ. ಅವರೂರಲ್ಲಿ ಬೇಸಿಗೆಗೆ ಮಿಕ್ಕದ್ದೆಲ್ಲ ಒಣಗಿದರೂ ಮರಳದಿಬ್ಬದ ಮೇಲೆ ಇದೊಂದು ಹೂ ಬಿಟ್ಟು ನಿಂತಿರುತ್ತದಂತೆ. ಒಣಗಿದ ಕಾಯಿಯೊಳಗಿನ ಅರಳೆಯಿಂದ ಅವಳಜ್ಜಿ ದಿಂಬು ತುಂಬುತ್ತಿದ್ದಳಂತೆ.

"ದಿಂಬಾ? ಇದ್ರಲ್ಲಾ?" ಅಮ್ಮನಿಗೆ ನಂಬಿಕೆಯಾಗಲಿಲ್ಲ. ಆದರೂ ಬೇಸಿಗೆಯಲ್ಲಿ ಕಾಯಿಗಳು ಬಿರಿಯತೊಡಗಿದಾಗ ಚೀಲ ಹಿಡಿದು ಅವಳ ಹಿಂದೆ ಹೊರಟವರು ಅಮ್ಮನೇ. ಮೂವರೂ ವಾರವಿಡೀ ಕಾಯಿ ಆರಿಸಿದೆವು. ನಡುಮನೆಯಲ್ಲಿ ಕೂತು ಬೀಜ ಬಿಡಿಸುತ್ತಿದ್ದಾಗ ಸೆಖೆ ತಡೆಯದೆ ನಾನು ಫ್ಯಾನ್ ಹಾಕಿಬಿಟ್ಟೆ. ರೇಷ್ಮೆಯಂಥ ಅರಳೆ ರೇಡಿಯೋ, ಪರದೆ, ದೇವರ ಪಟ, ಎಲ್ಲೆಂದರಲ್ಲಿ! ಹಿಡಿಯಲು ಹೋಗಿ ಅಮ್ಮ ಅವಳಿಗೆ ಡಿಕ್ಕಿ ಹೊಡೆದರು. ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಆಫೀಸಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು, "ಏನ್ರೇ ಇದು, ಹಾಸಿಗೆ ಅಂಗಡಿ ಇಟ್ಟಿದೀರಾ?" ಎಂದರು. ಅವರ ಮೀಸೆಯ ಮೇಲೂ ಒಂದು ಎಳೆ ಕೂತಿತ್ತು.

ಉಳಿದದ್ದರಲ್ಲಿ ಎರಡು ದಿಂಬಾದವು. ಒಂದು ಮಹಡಿಗೆ ಹೋಯಿತು. ನಮ್ಮದನ್ನು ಅಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ.

ಮರುವರ್ಷ ಎದುರಿನ ಎರಡೂ ಸೈಟುಗಳಲ್ಲಿ ಪಾಯ ತೋಡಿ ಗಿಡಗಳನ್ನೆಲ್ಲ ಕಿತ್ತರು. ನಾವು ಬೇಜಾರು ಮಾಡಿಕೊಂಡು ಕೂತಿದ್ದಾಗ ಅವಳು ಬಂದು ಬಾಗಿಲು ತಟ್ಟಿದಳು.

"ಅಮ್ಮಾ, ಬೇಗ ಬನ್ನಿ! ಮಲ್ಲತ್ತಹಳ್ಳಿ ಕಡೆ ಎಕ್ಕ ಬೇಕಾದಷ್ಟಿದೆ, ನಾನೇ ನೋಡ್ಕೊಂಡ್ ಬಂದೆ."

ಒಂದೂ ತಪ್ಪಿಲ್ಲದ ಕನ್ನಡ. ಅಮ್ಮ ಒಲೆಯ ಮೇಲಿನ ಸಾರು ಇಳಿಸಿ ಚಪ್ಪಲಿ ಮೆಟ್ಟಿದರು.