ಕೊಟ್ಟವಳನ್ನು ಯಾರೂ ಕೇಳಲಿಲ್ಲ

ತಮ್ಮನಿಗೆ ಕಿಡ್ನಿ ಕೊಟ್ಟವಳು ನಾನು. ಆದರೆ ಅದಕ್ಕೂ ಮೊದಲು ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವಳು ನಮ್ಮವ್ವ. ಈಗಲೂ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ದೊಡ್ಡ ಊರಿನ ಆಸ್ಪತ್ರೆ. ಅಳವಂಡಿಯಿಂದ ಅವ್ವ ಬಂದಿದ್ದಳು, ಗಂಗಾವತಿಯಿಂದ ನನ್ನ ಜೊತೆ ಅತ್ತೆ ಬಂದಿದ್ದರು. ಸೊಸೆಯ ಮೈಯೊಳಗಿನದನ್ನು ಕೊಡುವಾಗ ಬೀಗರು ಇರಬೇಕಲ್ಲ! ಡಾಕ್ಟರು ಕಾಗದ ನೋಡುತ್ತಲೇ ಕೇಳಿದರು: "ಸಣ್ಣವರಿದ್ದಾಗ ಇವರಿಗೆ ಏನಾರ ದೊಡ್ಡ ಕಾಯಿಲೆ ಆಗಿತ್ತೇನ್ರಿ? ಟಿ.ಬಿ. ಗಿಬಿ?"

"ಏನೂ ಇಲ್ರಿ ಸಾಹೇಬ್ರ, ನನ್ನ ಮಗಳು ಕಲ್ಲಿನಂಗ ಅದಾಳ," ಎಂದಳು ಅವ್ವ, ನಾನು ಬಾಯಿ ತೆರೆಯುವ ಮೊದಲೇ. ಅತ್ತೆ ಸೆರಗು ಸರಿಮಾಡಿಕೊಂಡರು. ನಲವತ್ತು ದಾಟಿದ ಹೆಂಗಸು ಎದುರಿಗೇ ಕೂತಿದ್ದೇನೆ, ನನ್ನ ಮೈ ಬಗ್ಗೆ ನನ್ನನ್ನೇ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕೇಳಿದ್ದರೂ ಇಲ್ಲವೆಂದೇ ಅನ್ನುತ್ತಿದ್ದೆ, ಆ ಮಾತು ಬೇರೆ.

ಆಪರೇಷನ್ ಚೆನ್ನಾಗಿಯೇ ಆಯಿತು. ತಮ್ಮ ಮತ್ತೆ ತನ್ನ ಬಟ್ಟೆ ಅಂಗಡಿಯಲ್ಲಿ ಕೂರತೊಡಗಿದ. ಕೆಲವು ತಿಂಗಳಿಗೆ ಅವನಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಪರೀಕ್ಷೆ ಮಾಡಿದರೆ ಟಿ.ಬಿ. ಎಂದು ಬಂತು. ನನ್ನ ಕಿಡ್ನಿಯೊಳಗೆ ಸದ್ದಿಲ್ಲದೆ ಕೂತಿದ್ದದ್ದು ಅದರ ಜೊತೆಗೇ ಅವನ ಮೈ ಸೇರಿತ್ತಂತೆ. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲೆಂದು ಕೊಡುವ ಔಷಧ ಅವನ ಶಕ್ತಿ ಕುಗ್ಗಿಸಿತ್ತು, ರೋಗಕ್ಕೆ ಸಲೀಸಾಯಿತು. ಮೊದಲೇ ಹೇಳಿದ್ದರೆ ಗುಳಿಗೆ ಕೊಟ್ಟು ಮುಂದುವರಿಯುತ್ತಿದ್ದೆವು ಎಂದರು ಡಾಕ್ಟರು. ಬರೀ ಗುಳಿಗೆ!

ಆಗ ಅವ್ವ ಬಾಯಿಬಿಟ್ಟಳು. ನಾನು ಶಾಲೆಗೆ ಸೇರುವ ಮೊದಲು ಕೊರಳಲ್ಲಿ ಟಿ.ಬಿ.ಯ ಗಂಟುಗಳೆದ್ದು, ಕೊಪ್ಪಳದಲ್ಲಿ ತೋರಿಸಿ, ತಿಂಗಳುಗಟ್ಟಲೆ ಗುಳಿಗೆ ನುಂಗಿಸಿದ್ದಳಂತೆ. ಮೈಗೆ ರಕ್ತ ಆಗಲಿ ಅಂತ ಕೊಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

"ಬೀಗರ ಮುಂದ ಹೆಂಗ ಹೇಳ್ಲೆವ್ವ? ನಿನ್ನ ಬಾಳೇ ಹಾಳಾಗ್ತಿತ್ತಲ್ಲ."

"ಇನ್ನೇನವ್ವ ಹಾಳಾಗೂದು? ನನ್ನ ಮಕ್ಕಳು ಕಾಲೇಜಿಗೆ ಹೊಂಟಾರ!" ಎಂದು ಕಿರುಚಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಕಿಡ್ನಿ ಉಳಿಯಲಿಲ್ಲ. ತಮ್ಮ ಮತ್ತೆ ಡಯಾಲಿಸಿಸ್ ಮಂಚ ಹತ್ತಿದ. ನೆಂಟರ ಬಾಯಲ್ಲಿ ನಾನು ರೋಗ ಕೊಟ್ಟ ಅಕ್ಕನಾದೆ.

ಆಮೇಲೂ ಅವ್ವನದು ಒಂದೇ ವರಾತ: "ನಿಮ್ಮ ಅತ್ತಿ ಮುಂದ, ತಮ್ಮಗ ರೋಗ ಆಸ್ಪತ್ರ್ಯಾಗ ಹತ್ತೇತಿ ಅಂತ ಹೇಳು." ನಾನು ಗಂಗಾವತಿಗೆ ಬಂದವಳೇ ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇಕಾದರೆ ಹೊರಗೆ ಹಾಕಲಿ ಎಂಬ ಸಿಟ್ಟಿತ್ತು.

ಅತ್ತೆ ಹೆಸರುಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ನಂಗ ಗೊತ್ತಿತ್ತವ್ವ. ನೀ ಈ ಮನಿಗೆ ಬಂದ ವರ್ಷ ತಲಿ ಬಾಚುವಾಗ ಕಿವಿ ಕೆಳಗ ಗಂಟು ಒಡೆದ ಕಲಿ ನೋಡಿದ್ದೆ. ನಮ್ಮ ತಂಗಿಗೂ ಹಂಗ ಆಗಿತ್ತು."

"ಮತ್ತ ಡಾಕ್ಟರ ಮುಂದ ಯಾಕ ಹೇಳಲಿಲ್ರಿ ಅತ್ತಿ?"

"ನಿಮ್ಮವ್ವ ಇಲ್ಲ ಅಂದ ಮ್ಯಾಲ ನಾ ಹೆಂಗ ಹೌದು ಅನ್ಲಿ? ಆಕಿ ಮರ್ಯಾದಿ ಹೋಗ್ತಿತ್ತು."

ಆ ದಿನ ಡಾಕ್ಟರ ಕೋಣೆಯಲ್ಲಿ ನನ್ನ ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ಅತ್ತೆ. ಇಬ್ಬರಿಗೂ ಗೊತ್ತಿತ್ತು. ನಡುವೆ ಕೂತ ನನಗೆ ಮಾತ್ರ ಗೊತ್ತಿರಲಿಲ್ಲ. ತಮ್ಮನಿಗೆ ಇದನ್ನು ಯಾವ ಬಾಯಿಂದ ಹೇಳಲಿ?