ಪರದೆ ಆರಿದ ಮೇಲೆ ಕೇಳಿದ್ದು

ನಿಮ್ಮ ಮುಂದೆ ಮುಚ್ಚಿಡುವುದೇನು, ನಾನು ಬಹಳ ದಿನ ಮೊಬೈಲನ್ನು ಮೂಗಿನಿಂದ ಮುಟ್ಟಿದವಳು. ಎರಡೂ ಕೈ ಜೋಳದ ಹಿಟ್ಟಿನಲ್ಲಿ ಇರುವ ಹೆಂಗಸಿಗೆ ಬೇರೆ ದಾರಿ ಇರುವುದಿಲ್ಲ. ಖಡಕ್ ರೊಟ್ಟಿ ಬಡಿದು ಸೊಲ್ಲಾಪುರದ ನವಿ ಪೇಠೆಯ ಅಂಗಡಿಯೊಂದಕ್ಕೆ ಕೊಡುವುದು ನನ್ನ ಉದ್ಯೋಗ. ಬಡಿಯುವಾಗ ಕಿವಿಗೆ ಏನಾದರೂ ಬೇಕು. ಹೀಗಾಗಿ ಒಂದು ವಿಡಿಯೊ ಹಚ್ಚಿ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಡುತ್ತಿದ್ದೆ. ನೋಡುವ ಇಚ್ಛೆ ನನಗಿರಲಿಲ್ಲ. ಹಂಚಿನ ಮೇಲಿಂದ ಕಣ್ಣು ತೆಗೆದರೆ ರೊಟ್ಟಿ ಕರಕಾಗುತ್ತದೆ. ಆದರೆ ಫೋನಿನ ಹಟವೇ ಬೇರೆ. ನೋಡಿದರೂ ನೋಡದಿದ್ದರೂ ಪರದೆ ಉರಿಯುತ್ತಲೇ ಇರಬೇಕು, ಆರಿಸಿದರೆ ದನಿಯೂ ಹೋಗುತ್ತಿತ್ತು. ನಡುವೆ ಜಾಹೀರಾತು ಬಂದರೆ ಬಗ್ಗಿ ಮೂಗಿನಿಂದ ಒತ್ತುವುದು, ಯಾರದೋ ಕರೆ ಬಂದು ಹೋದರೆ ಮತ್ತೆ ಬಗ್ಗಿ ಒತ್ತುವುದು. ಒಮ್ಮೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ನೋಡಿ, ನಾನು ಫೋನಿಗೆ ನಮಸ್ಕಾರ ಹಾಕುತ್ತಿದ್ದೇನೆ ಎಂದುಕೊಂಡು ಸದ್ದಿಲ್ಲದೆ ಹಿಂದಕ್ಕೆ ಹೋದರಂತೆ.

ಕೈ ಕೆಲಸದಲ್ಲಿರುವಾಗ ಕಿವಿಯನ್ನು ಬೇರೆಡೆ ಬಿಡುವುದು ಹೊಸ ಚಾಳಿಯೇನಲ್ಲ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತರೆ ಹಾಡಿಲ್ಲದೆ ಒಂದು ಸುತ್ತೂ ತಿರುಗಿಸುತ್ತಿರಲಿಲ್ಲ. ಪುರಾಣ ಕೇಳಲು ಹೋದ ಹೆಂಗಸರು ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದರು; ಪುರಾಣಿಕರು ಬೇಡ ಎನ್ನುತ್ತಿರಲಿಲ್ಲ. ನಮ್ಮ ಸೊಲ್ಲಾಪುರದ ಮಗ್ಗದವರಂತೂ ಆ ಖಟಪಟ ಸದ್ದಿನೊಳಗೇ ಸಂಸಾರದ ಮಾತೆಲ್ಲ ಆಡಿ ಮುಗಿಸುವವರು. ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು ಎನ್ನುತ್ತಾರೆ. ಪರದೆ ಉರಿಯುತ್ತಿರಬೇಕೋ ಆರಿರಬೇಕೋ ಎಂದು ಹೇಳಿಟ್ಟವರು ಯಾರೂ ಇಲ್ಲ. ಈ ಸಂದಿನಲ್ಲೇ ನಾನು ಸಿಕ್ಕಿಬಿದ್ದೆ.

ಆದದ್ದು ಇಷ್ಟು. ನಮ್ಮವರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾರೆ. ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಸೂಜಿ ಹಾಕಿ ಅದರ ಒಂದಿಷ್ಟು ಅಂಶ ತೆಗೆದು ತಪಾಸಣೆಗೆ ಕಳಿಸಿ, ಎಂಟು ದಿನ ಬಿಟ್ಟು ಬನ್ನಿ ಎಂದರು. ಎಂಟು ದಿನ! ಮನೆಯಲ್ಲಿ ಆ ಗಂಟಿನ ಹೆಸರನ್ನು ಯಾರೂ ಎತ್ತಲಿಲ್ಲ. ರಜೆ ಹಾಕಿ ಮನೆಯಲ್ಲಿದ್ದ ನಮ್ಮವರು ಹೊರಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನಮ್ಮ ಹಳ್ಳಿ ಬೋರಾಮಣಿಯಿಂದ ಅತ್ತೆ ಫೋನು ಮಾಡಿದರು.

"ಏಳು ದಿನ ಪೋಥಿ ಓದವಾ ಸುಮಿ. ಮುಗಿದ ಮ್ಯಾಲ ಅಕ್ಕಲಕೋಟಕ್ಕ ಹೋಗಿ ಕಾಯಿ ಒಡಸ್ಕೊಂಡು ಬರ್ರಿ. ನನ್ನ ಮಗಗ ಏನೂ ಆಗೂದಿಲ್ಲ."

ಹೂಂ ಅಂದೆ. ಆದರೆ ಆ ವಾರವೇ ಒಂದು ಮದುವೆ ಮನೆಗೆ ರೊಟ್ಟಿ ಒಪ್ಪಿಕೊಂಡಿದ್ದೆ. ಮೇಲಾಗಿ ಪೋಥಿ ಎಂದರೆ ಅಕ್ಕಲಕೋಟೆಯ ಸ್ವಾಮಿಗಳ ಪಾರಾಯಣದ ಪುಸ್ತಕ, ಹಳೆಯ ಮರಾಠಿಯದು, ನಾನು ಕನ್ನಡ ಸಾಲಿಯಲ್ಲಿ ಕಲಿತವಳು. ಅಕ್ಷರ ಕೂಡಿಸಿ ಓದಲು ಕೂತರೆ ಮೊದಲ ಅಧ್ಯಾಯ ದಾಟುವ ಹೊತ್ತಿಗೆ ಮದುವೆ ಮುಗಿದಿರುತ್ತಿತ್ತು. ಇಡೀ ಪೋಥಿಯನ್ನು ಯಾರೋ ಗಂಭೀರ ದನಿಯವರು ಓದಿದ ವಿಡಿಯೊಗಳು ಸಿಕ್ಕವು. ಹರಕೆಯ ಪೋಥಿಯನ್ನು ಮೂಗಿನಿಂದ ಮುಟ್ಟಿ ಓಡಿಸುವುದು ಮಾತ್ರ ಸರಿ ಅನ್ನಿಸಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ಎದ್ದು ಬಂದು, ತಮ್ಮ ವಿಡಿಯೊ ಖಾತೆಗೆ ತಿಂಗಳ ರೊಕ್ಕ ಕಟ್ಟಿ, ಅದೇ ಖಾತೆಯನ್ನು ನನ್ನ ಫೋನಿನಲ್ಲೂ ತೆರೆದುಕೊಟ್ಟರು. "ಇನ್ನ ಪರದೆ ಬಂದ್ ಮಾಡು, ದನಿ ಬರತೈತಿ. ಜಾಹೀರಾತೂ ಬರೂದಿಲ್ಲ," ಎಂದು ಹೇಳಿ ಮತ್ತೆ ಹೋಗಿ ಮಲಗಿದರು. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ.

ಆಹಾ, ಏನು ಸುಖ! ಪರದೆ ಕಪ್ಪಗೆ, ಫೋನು ತಣ್ಣಗೆ, ದನಿ ಮಾತ್ರ ಅಡುಗೆಮನೆಯ ತುಂಬ. ಸ್ನಾನ ಮಾಡಿ, ದೀಪ ಹಚ್ಚಿ, ಪೋಥಿ ಶುರು ಮಾಡಿ ಹಿಟ್ಟಿಗೆ ಕೈ ಹಾಕುತ್ತಿದ್ದೆ. ಸ್ವಲ್ಪ ಹೊತ್ತು ಪದ್ಯ. ಆಮೇಲೆ ಅಷ್ಟೇ ಗಂಭೀರವಾದ ಇನ್ನೊಂದು ದನಿ, ಸಾದಾ ಮರಾಠಿಯಲ್ಲಿ. ಇದು ಪದ್ಯದ ಅರ್ಥ ಹೇಳುವ ಭಾಗ ಎಂದುಕೊಂಡೆ. ಬಡಿಯುವ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಆದರೆ ಕೇಳಿದ್ದೆಲ್ಲ ಎಷ್ಟು ಆಳ! ದುರ್ಬಲವಾದದ್ದನ್ನು ಬೇರೆ ಇಟ್ಟು ಮೊದಲು ಉಣಿಸಬೇಕು. ಕಟ್ಟಿಹಾಕಿದರೆ ಬೆಳೆಯುವುದಿಲ್ಲ, ಬಿಟ್ಟರೆ ಕೈಗೆ ಸಿಗುವುದಿಲ್ಲ. ಮಳೆಗಾಲಕ್ಕೆ ಮೊದಲೇ ಒಳಗನ್ನು ಸ್ವಚ್ಛ ಮಾಡಿಕೊಳ್ಳಬೇಕು. ಇದು ಮನಸ್ಸಿನ ಮಾತೇ ಎಂದು ನಾನು ಹಿಟ್ಟಿನ ಕೈಯಲ್ಲೇ ಮುಗಿದೆ. ಒಂದೆರಡು ಸಲ ಕಣ್ಣಲ್ಲಿ ನೀರೂ ಬಂತು. ಒಲೆಯ ಹೊಗೆ ಎನ್ನಲು ನಮ್ಮದು ಗ್ಯಾಸು.

ಏಳನೆಯ ದಿನ ಅತ್ತೆ ಬೋರಾಮಣಿಯಿಂದ ಬಂದರು. ಅಡುಗೆಮನೆಯ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತು, ತಲೆ ಬಾಗಿಸಿ ಪೋಥಿ ಕೇಳಿದರು. ಅರ್ಥ ಹೇಳುವ ಭಾಗ ಬಂತು. ಅತ್ತೆಯ ಕೈ ನಿಂತಿತು.

"ಯವ್ವಾ ಸುಮಿ, ಆಡಿಗೆ ಜಂತಿನ ಔಷಧ ಕುಡಸೂದು ಪೋಥ್ಯಾಗ ಯಾವ ಅಧ್ಯಾಯದಾಗ ಬರತೈತಿ?"

ಕೈ ಒರೆಸಿಕೊಂಡು ಫೋನು ನೋಡಿದೆ. ಪರದೆಯ ಮೇಲೆ ಜವಾರಿ ಆಡುಗಳ ದೊಡ್ಡ ಹಿಂಡು. ಮೇಲೆ ಮರಾಠಿಯಲ್ಲಿ ಬರೆದಿತ್ತು: ಶೇಳಿಪಾಲನ, ಭಾಗ ಹದಿನಾಲ್ಕು. ನನ್ನ ಪೋಥಿಯ ವಿಡಿಯೊ ಒಂದೊಂದು ಅಧ್ಯಾಯಕ್ಕೆ ಒಂದೊಂದು. ಒಂದು ಮುಗಿದರೆ ಮುಂದಿನ ಅಧ್ಯಾಯ ತಾನೇ ಬರುತ್ತದೆ ಎಂದುಕೊಂಡಿದ್ದೆ; ಫೋನು ತನಗೆ ತೋಚಿದ್ದನ್ನು ಹಚ್ಚುತ್ತ ಹೋಗಿದೆ. ಪರದೆ ಆರಿದ್ದರಿಂದ ನನಗೆ ಕಾಣಲಿಲ್ಲ. ಅಂದರೆ ದಿನಕ್ಕೊಂದು ಅಧ್ಯಾಯ ಪೋಥಿ, ಉಳಿದದ್ದೆಲ್ಲ ಆಡು ಸಾಕಣೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮರುದಿನ ರಿಪೋರ್ಟು. ಗಂಡನ ಜೀವಕ್ಕೆಂದು ಹೊತ್ತ ಹರಕೆಯನ್ನು ಹೀಗೆ ಕೆಡಿಸಿಕೊಂಡ ಹೆಂಡತಿ ಈ ಜಿಲ್ಲೆಯಲ್ಲಿ ಇನ್ನೊಬ್ಬಳು ಇದ್ದಾಳೆಯೇ?

ಮರುದಿನ ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ದವಾಖಾನೆಗೆ ಹೋದೆವು. ಡಾಕ್ಟರು ಕಾಗದ ನೋಡಿದರು, ಕನ್ನಡಕ ತೆಗೆದರು. ಸಾದಾ ಗಂಟು, ಹೆದರುವಂಥದ್ದು ಏನೂ ಇಲ್ಲ, ಬೇಕಾದರೆ ತೆಗೆಸಿಕೊಳ್ಳಿ, ಬೇಡವಾದರೆ ಇರಲಿ ಎಂದರು. ನಾನು ಇನ್ನೊಮ್ಮೆ ಹೇಳಿ ಎಂದೆ. ಅವರು ಪಾಪ ಇನ್ನೊಮ್ಮೆ ಹೇಳಿದರು. ಹೊರಗೆ ಬಂದಾಗ ಬಿಸಿಲು ಕೂಡ ಹಿತವೆನಿಸಿತು. ಸೊಲ್ಲಾಪುರದ ಬಿಸಿಲಿನ ಬಗ್ಗೆ ಈ ಮಾತು ನಾನು ಮತ್ತೆ ಹೇಳಲಾರೆ.

ಅಲ್ಲಿಂದಲೇ ಅಕ್ಕಲಕೋಟೆಯ ಬಸ್ಸು ಹತ್ತಿದೆವು. ಕಾಯಿ ಒಡೆಸಿ, ಪ್ರಸಾದದ ಪಂಕ್ತಿಯಲ್ಲಿ ಕೂತೆವು. ತಟ್ಟೆಗೆ ಅನ್ನ ಬಿತ್ತು; ಕೈ ಹಚ್ಚುವ ಮೊದಲು ನಮ್ಮವರ ಕಡೆ ತಿರುಗಿದೆ.

"ರೀ, ನಾ ಒಂದು ತಪ್ಪು ಮಾಡೀನಿ. ನಿಮ್ಮ ಹರಕಿ ಪೋಥಿ ಪೂರಾ ಆಗಿಲ್ಲ. ಪರದೆ ಬಂದ್ ಇತ್ತು, ಗೊತ್ತಾಗಲಿಲ್ಲ. ಏಳು ದಿನ ನಾ ಆಡು ಸಾಕೂದು ಕೇಳೀನಿ."

ನಮ್ಮವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ಅದು ನಂದು," ಎಂದರು. "ಮಲಕೊಂಡಲ್ಲೇ ನಾ ಅದನ್ನ ನೋಡಾಕತ್ತಿದ್ದೆ, ಕಿವ್ಯಾಗ ವಾಯರ್ ಹಾಕ್ಕೊಂಡು. ಖಾತೆ ಒಂದ ಅಲ್ಲ? ನಾ ನೋಡಿದ್ದನ್ನ ನಿನಗೂ ಹಚ್ಚೈತಿ ಅದು."

"ನನಗ ಯಾಕ ಹೇಳಲಿಲ್ರಿ?"

"ರಿಪೋರ್ಟ್ ಬರೂಕ್ಕಿಂತ ಮೊದಲ ಮುಂದಿನ ವರ್ಷದ ಮಾತು ನಿನ್ನ ಮುಂದ ಹ್ಯಾಂಗ ಆಡಲಿ? ಛಲೋ ಬಂದ್ರ ಬೋರಾಮಣ್ಯಾಗ ನಾಕು ಆಡು ಕಟ್ಟೂಣು ಅಂತಿತ್ತು ಮನಸ್ಸಿನ್ಯಾಗ."

ನನಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಗೋಡೆಗೆ ಮುಖ ಮಾಡಿ ಮಲಗಿದ ಮನುಷ್ಯ ಸಾವಿನ ಲೆಕ್ಕ ಹಾಕುತ್ತಿದ್ದಾನೆ ಎಂದು ನಾನು ಒಳಗೇ ಬೇಯುತ್ತಿದ್ದರೆ, ಇವರು ಕೊಟ್ಟಿಗೆಯ ಉದ್ದಗಲ ಹಾಕುತ್ತಿದ್ದರು. ಅವರು ಬಾಯಿಬಿಟ್ಟು ಹೇಳಲಾರದ್ದನ್ನೇ ನಾನು ದೇವರ ಮಾತೆಂದು ಕೈಮುಗಿದು ಕೇಳಿದ್ದೆ. ತಪ್ಪಾಯಿತು ಎಂದು ಈಗ ಯಾರ ಮುಂದೆ ಹೇಳಲಿ? ಅನ್ನಕ್ಕೆ ಸಾರು ಕಲಸಿಕೊಂಡು ಹೊಟ್ಟೆ ತುಂಬ ಉಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಮ್ಮವರಿಗೆ ಮಾತಿನ ಕಟ್ಟೆ ಒಡೆದಂತಾಗಿತ್ತು. ಮುಂದಿನ ವರ್ಷ ಕೊಟ್ಟಿಗೆಗೆ ತಗಡು ಹಾಕಿಸಬೇಕು, ಮುಂದಿನ ವರ್ಷ ಬೇಲಿಗುಂಟ ಮೇವು ಹಚ್ಚಬೇಕು, ಮುಂದಿನ ವರ್ಷ ಮರಿ ಮಾಡಿದರೆ ಅವ್ವನಿಗೆ ಒಂದು ಬಿಡಬೇಕು. ಅವರು ಹೇಳುತ್ತಿದ್ದುದೆಲ್ಲ ನನಗೆ ಗೊತ್ತಿದ್ದದ್ದೇ. ಕೆಲವು ಕಡೆ ನನಗೇ ಅವರಿಗಿಂತ ಹೆಚ್ಚು ಗೊತ್ತಿತ್ತು. ಆದರೂ ನಡುವೆ ಬಾಯಿ ಹಾಕಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎಂದು ಅವರು ಸೊಲ್ಲಾಪುರ ಬರುವವರೆಗೂ ಅನ್ನುತ್ತಲೇ ಇದ್ದರು. ನಾನು ಅವರ ಮುಖ ನೋಡುತ್ತ, ಬೇರೆ ಯಾವ ಕೆಲಸವನ್ನೂ ಮಾಡದೆ ಕೇಳಿದೆ.